ರಕ್ತ ಕಾಣದ ಗಾಯ

ಸಹೋದರಿಯರೇ, ನಮ್ಮ ಗೋಗಿ ದೊಡ್ಡ ಊರೇನೂ ಅಲ್ಲ. ಆದರೆ ಹಝ್ರತ್ ಚಂದಾ ಹುಸೈನಿಯವರ ದರ್ಗಾ ಇಲ್ಲಿದೆ. ಬಿಜಾಪುರವನ್ನಾಳಿದ ಆದಿಲ್‌ಶಾಹಿ ಮನೆತನದ ಮೊದಲ ಸುಲ್ತಾನರು ಅದರ ಬಳಿಯಲ್ಲೇ ಮಣ್ಣಾಗಿದ್ದಾರೆ. ಉರೂಸಿನ ದಿನಗಳಲ್ಲಿ ಕಾರು, ಕ್ರೂಸರ್, ಟಂಟಂ, ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಒಂದೊಂದು ಕ್ರೂಸರಿನಿಂದ ಇಳಿಯುವವರನ್ನು ಎಣಿಸುತ್ತ ನಿಂತರೆ ಲೆಕ್ಕ ಹದಿನೈದು ದಾಟಿದರೂ ಒಳಗಿನಿಂದ ಇನ್ನೊಂದು ಮಗುವಿನ ಕಾಲು ಹೊರಬರುತ್ತದೆ.

ನಮ್ಮದೇ ಜಿಲ್ಲೆಯ ಬಳಿಚಕ್ರದ ಹತ್ತಿರ 2023ರ ಜೂನ್‌ನಲ್ಲಿ ಇಂತಹದೇ ಒಂದು ಕ್ರೂಸರ್ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. ಆಂಧ್ರದಿಂದ ಕಲಬುರಗಿಯ ಖ್ವಾಜಾ ಬಂದೇ ನವಾಝರ ಉರೂಸಿಗೆ ಹೊರಟಿದ್ದವರಲ್ಲಿ 5 ಮಂದಿ ತೀರಿಕೊಂಡರು. 2025ರ ಏಪ್ರಿಲ್‌ನಲ್ಲಿ ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸ್‌ನಲ್ಲಿ ಮತ್ತೆ ಅದೇ ಕಥೆ. ನಿಂತ ಲಾರಿ, ಬೆಳಗಿನ ಜಾವ, ದರ್ಗಾಕ್ಕೆ ಹೊರಟ ಬಾಗಲಕೋಟೆ ಕಡೆಯವರು, 5 ಸಾವು. ಪತ್ರಿಕೆಗಳು ಸತ್ತವರ ಹೆಸರು, ವಯಸ್ಸು ಬರೆಯುತ್ತವೆ. ಕೊನೆಯಲ್ಲಿ ಒಂದು ಸಾಲು, ಉಳಿದವರು ಗಾಯಗೊಂಡಿದ್ದಾರೆ ಎಂದು. ನಾನು ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಒಂದು ಸಾಲಿನ ಕುರಿತು.

ವಾಹನ ಗುದ್ದಿದಾಗ ವಾಹನ ನಿಲ್ಲುತ್ತದೆ, ಒಳಗಿದ್ದವರ ಶರೀರ ನಿಲ್ಲುವುದಿಲ್ಲ. ಅದು ಅದೇ ವೇಗದಲ್ಲಿ ಮುಂದೆ ಹೋಗಿ ಸ್ಟಿಯರಿಂಗಿಗೋ, ಗಾಜಿಗೋ, ಮುಂದಿನ ಸೀಟಿಗೋ ಬಡಿಯುತ್ತದೆ. ಶರೀರ ನಿಂತ ಮೇಲೂ ಒಳಗಿನ ಮೆದುಳು, ಕಲೇಜಿ, ಕರುಳು ಇನ್ನೂ ಚಲಿಸುತ್ತಲೇ ಇರುತ್ತವೆ. ಅಂದರೆ ಒಂದೇ ಅಪಘಾತದಲ್ಲಿ ಮೂರು ಹೊಡೆತ. ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಂದೆ ಕುಳಿತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದು ತೊಡೆಯೆಲುಬು ಮುರಿಯುತ್ತದೆ, ಇಲ್ಲವೇ ಸೊಂಟದ ಕೀಲು ಜಾರುತ್ತದೆ. ತೊಡೆಯೆಲುಬು ಮುರಿದರೆ ಒಂದು ಲೀಟರಿಗೂ ಹೆಚ್ಚು ರಕ್ತ ತೊಡೆಯೊಳಗೇ ಸೋರಿಹೋಗಬಹುದು. ಚಾಲಕರ ಎದೆ ಸ್ಟಿಯರಿಂಗಿಗೆ ಬಡಿದು ಪಕ್ಕೆಲುಬು ಮುರಿಯುತ್ತದೆ. ಹಿಂದಿನಿಂದ ಬಂದ ವಾಹನ ಗುದ್ದಿದರೆ ಕುತ್ತಿಗೆ ಚಾಟಿಯಂತೆ ಹಿಂದಕ್ಕೂ ಮುಂದಕ್ಕೂ ಹೊಯ್ದಾಡುತ್ತದೆ. ಅದರ ನೋವು ಕೆಲವೊಮ್ಮೆ ಆ ದಿನ ತೋರದೆ ಮರುದಿನ ಬರುತ್ತದೆ. ಆಗ ನಮ್ಮ ಕಡೆ ಮಾಡುವ ಮೊದಲ ಕೆಲಸವೆಂದರೆ ಎಣ್ಣೆ ಹಚ್ಚಿ ಮಾಲೀಸು ಮಾಡಿಸಿ ಕುತ್ತಿಗೆ ತಿರುವಿಸುವುದು. ಒಳಗೆ ಎಲುಬು ಬಿರುಕು ಬಿಟ್ಟಿದ್ದರೆ ಆ ತಿರುವೇ ಕೈಕಾಲುಗಳ ಶಕ್ತಿಯನ್ನು ಕಿತ್ತುಕೊಳ್ಳಬಲ್ಲದು. ಎಕ್ಸ್‌ರೇ ಆಗುವವರೆಗೆ ಎಣ್ಣೆ ಬಾಟಲಿ ಕಪಾಟಿನಲ್ಲೇ ಇರಲಿ.

ಮಡಿಲ ಮಗುವಿನ ವಿಷಯ ಹೇಳಲೇಬೇಕು. ತಾಯಿಯ ತೋಳಿಗಿಂತ ಭದ್ರ ಜಾಗ ಯಾವುದಿದೆ ಎಂದು ನಾವು ನಂಬಿದ್ದೇವೆ. ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರು ಒಮ್ಮೆ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದರು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗೋಡೆಗೆ ಬಡಿದು ಅರ್ಧ ಮೀಟರಿನಲ್ಲಿ ನಿಂತರೆ 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು ಎರಡು ಕ್ವಿಂಟಲ್ ಎತ್ತುವಷ್ಟು ಬಲ ಬೇಕು. ಹತ್ತಿಯ ಮೂಟೆ ಹೊರುವ ನಮ್ಮ ಹಮಾಲರಿಗೂ ಅದು ಆಗದ ಮಾತು. ಬೆಲ್ಟ್ ಹಾಕದ ತಾಯಿಯ ಭಾರವೂ ಆ ಮಗುವಿನ ಮೇಲೆಯೇ ಬೀಳುತ್ತದೆ.

ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕೆಂಬುದು ಹಿಂದಿನಿಂದಲೂ ಇರುವ ಕಾನೂನು. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ಮಡಿದಾಗ ದೇಶಕ್ಕೆ ಅದು ನೆನಪಾಯಿತು. ದುಬಾರಿ ಕಾರು, ಹಿಂದಿನ ಸೀಟು, ಬೆಲ್ಟ್ ಇರಲಿಲ್ಲ. ಆ ವರ್ಷ ಭಾರತದ ರಸ್ತೆಗಳಲ್ಲಿ ಪ್ರಾಣ ಬಿಟ್ಟವರು 1,68,491 ಮಂದಿ. ಗರ್ಭಿಣಿಯರು ಬೆಲ್ಟ್ ಹಾಕಬಾರದೆಂದು ಕೆಲವು ಹಿರಿಯರು ಹೇಳುವುದುಂಟು. ಅದು ಸರಿಯಲ್ಲ. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ಸೊಂಟದೆಲುಬಿನ ಮೇಲೆ ಇರಬೇಕು, ಮೇಲಿನದು ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಬರಬೇಕು. ಅಪಘಾತವಾದರೆ ಗರ್ಭಿಣಿಯು ಎಷ್ಟೇ ಆರೋಗ್ಯವಾಗಿ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಸಣ್ಣ ಹೊಡೆತಕ್ಕೂ ಗರ್ಭಕೋಶದಿಂದ ಮಾಸು ಬೇರ್ಪಡುವ ಭಯವಿದೆ.

ಇನ್ನು ನನ್ನ ನಾದಿನಿಯ ವಿಷಯ. ಕೆಲವು ವರ್ಷಗಳ ಹಿಂದೆ ಮದುವೆಯೊಂದನ್ನು ಮುಗಿಸಿ ಅವಳ ಅತ್ತೆ ಮನೆಯವರು ಕಾರಿನಲ್ಲಿ ಮರಳುತ್ತಿದ್ದರು. ಎಮ್ಮೆ ಅಡ್ಡ ಬಂತು. ಕಾರು ರಸ್ತೆ ಬಿಟ್ಟು ಕಲ್ಲಿನ ಗೋಡೆಗೆ ಬಡಿಯಿತು. ಮೈದುನನ ಕೈ ಮುರಿಯಿತು, ಮಾವನ ಹಣೆ ಒಡೆಯಿತು. ಹಿಂದೆ ಕುಳಿತಿದ್ದ ಇವಳ ಎಡಪಕ್ಕೆ ಮುಂದಿನ ಸೀಟಿನ ಅಂಚಿಗೆ ಬಡಿದಿತ್ತು. ಸಮೀಪದ ಒಂದು ಆಸ್ಪತ್ರೆಯಲ್ಲಿ ಗಂಡಸರಿಗೆ ಪಟ್ಟಿ ಕಟ್ಟಿದರು. ಬುರ್ಖಾದಲ್ಲಿ ಮೂಲೆಯಲ್ಲಿ ಕುಳಿತಿದ್ದವಳನ್ನು ಯಾರೂ ಪರೀಕ್ಷಿಸಲಿಲ್ಲ. ಗಂಡ ಕೇಳಿದಾಗ “ಮೇರೆಕು ಕುಛ್ ನೈ ಹುವಾ” ಎಂದಳು, ನನಗೇನೂ ಆಗಿಲ್ಲ ಎಂದು. ಮಾವ, ಮೈದುನರು ಎದುರಿಗೆ ನಿಂತಿರುವಾಗ ಹೊಟ್ಟೆ ನೋಯುತ್ತಿದೆ ಎಂದು ಹೇಳಲು ಅವಳಿಗೆ ನಾಚಿಕೆ.

ಆ ರಾತ್ರಿ ಅವರೆಲ್ಲ ನಮ್ಮಲ್ಲೇ ತಂಗಿದರು. ಇಶಾ ನಮಾಝಿನ ನಂತರ ಅವಳು ನನ್ನ ಬಳಿ ಬಂದು, “ಭಾಭಿ, ಎಡಭುಜ ಸೆಳೆಯುತ್ತಿದೆ” ಎಂದಳು. ಭುಜಕ್ಕೆ ಪೆಟ್ಟೇ ಬಿದ್ದಿರಲಿಲ್ಲ. ಮತ್ತೆ ಮತ್ತೆ ನೀರು ಕೇಳಿದಳು. ಹಣೆಯ ಬೆವರು ತಣ್ಣಗಿತ್ತು, ತುಟಿ ಬಿಳಚಿಕೊಂಡಿತ್ತು. ಪಕ್ಕದ ಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು. ಅವರು ನಾಡಿ ಹಿಡಿದು ನೋಡಿ, “ನೀರು ಕೊಡಬ್ಯಾಡ್ರಿ, ಗಾಡಿ ತರಸ್ರಿ” ಎಂದರು. ಅಷ್ಟೇ. ಕಲಬುರಗಿಯಲ್ಲಿ ಫಜ್ರ್‌ಗೆ ಮುನ್ನವೇ ಶಸ್ತ್ರಚಿಕಿತ್ಸೆಯಾಯಿತು. ಎಡಪಕ್ಕೆಯ ಕೆಳಗಿನ ಗುಲ್ಮ, ನಾವು ತಿಲ್ಲಿ ಎನ್ನುತ್ತೇವಲ್ಲ ಅದು, ಒಡೆದು ಹೊಟ್ಟೆಯ ತುಂಬ ರಕ್ತ ತುಂಬಿತ್ತು. ಅದನ್ನು ತೆಗೆದುಹಾಕಿದರು. ಹೊಟ್ಟೆಯೊಳಗಿನ ಆ ರಕ್ತ ಪೊರೆಗೆ ತಾಗಿದಾಗ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆಂದು ವೈದ್ಯರು ನಂತರ ವಿವರಿಸಿದರು. ಅಲ್ಲಾಹನ ಕೃಪೆ, ಅವಳು ಇಂದು ಮೂರು ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿದ್ದಾಳೆ. ತಿಲ್ಲಿ ಇಲ್ಲದವರಿಗೆ ಸೋಂಕು ಬೇಗ ತಗಲುವುದರಿಂದ ಕೆಲವು ಲಸಿಕೆಗಳು ಬೇಕು, ಸಾಧಾರಣ ಜ್ವರವನ್ನೂ ಅವರು ಕಡೆಗಣಿಸುವಂತಿಲ್ಲ.

ನಾಚಿಕೆ ಈಮಾನಿನ ಭಾಗವೆಂದು ನಾನೇ ಹೆಣ್ಣುಮಕ್ಕಳಿಗೆ ಪಾಠ ಹೇಳುವವಳು. ಆದರೆ ಪ್ರಾಣಾಪಾಯದಲ್ಲಿ ಗಾಯವನ್ನು ಮರೆಮಾಚುವುದು ನಾಚಿಕೆಯಲ್ಲ. ಅಂತಹ ಸಮಯದಲ್ಲಿ ಮಹಿಳಾ ವೈದ್ಯೆ ಇಲ್ಲದಿದ್ದರೆ ಪುರುಷ ವೈದ್ಯರು ಪರೀಕ್ಷಿಸುವುದಕ್ಕೆ ಶರೀಅತ್ ಅವಕಾಶ ನೀಡಿದೆ. ಇದರಲ್ಲಿ ಉಲಮಾಗಳಿಗೆ ಭಿನ್ನಾಭಿಪ್ರಾಯವಿಲ್ಲ, ಭಿನ್ನಾಭಿಪ್ರಾಯವಿರುವುದು ನಮ್ಮ ಮನೆಯ ಹಿರಿಯರಿಗೆ ಮಾತ್ರ.

ತಲೆಯ ಪೆಟ್ಟೂ ಹೀಗೆಯೇ ಮೋಸ ಮಾಡುತ್ತದೆ. ಎದ್ದು ಕುಳಿತು ಚಹಾ ಕುಡಿದು ಮಾತನಾಡಿದವರು ಕೆಲವು ಗಂಟೆಗಳ ನಂತರ ಪ್ರಜ್ಞೆ ತಪ್ಪುವುದುಂಟು. ಪದೇ ಪದೇ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ.

ಅಪಘಾತದ ಜಾಗದಲ್ಲಿ ನಾವು ಹೆಂಗಸರು ದೂರ ನಿಲ್ಲುತ್ತೇವೆ. ಗಾಯಗೊಂಡವರು ಹೆಂಗಸರಾದರೆ ಗಂಡಸರು ಮುಟ್ಟಲು ಅಂಜುತ್ತಾರೆ. ಇಬ್ಬರ ನಡುವೆ ಒಂದು ಜೀವ ಹೋಗುತ್ತದೆ. ಮುಂದೆ ಹೋಗಿರಿ. ರಕ್ತ ಚಿಮ್ಮುತ್ತಿದ್ದರೆ ದುಪಟ್ಟಾವನ್ನು ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ಬೆಂಕಿಯ ಭಯವಿಲ್ಲದಿದ್ದರೆ ಗಾಯಾಳುವನ್ನು ಕೈಕಾಲು ಹಿಡಿದು ಎಳೆಯಬೇಡಿ, ಕುತ್ತಿಗೆ ಅಲುಗದಿರಲಿ. ನೀರು, ಚಹಾ ಕುಡಿಸಬೇಡಿ. ಶಸ್ತ್ರಚಿಕಿತ್ಸೆ ಬೇಕಾದರೆ ತುಂಬಿದ ಹೊಟ್ಟೆ ಅಡ್ಡಿ. 108ಕ್ಕೆ ಕರೆ ಮಾಡಿ ಊರಿನ ಹೆಸರು, ಹತ್ತಿರದ ಕ್ರಾಸ್, ಎಷ್ಟು ಜನರಿಗೆ ಪೆಟ್ಟಾಗಿದೆ ಎಂಬುದನ್ನು ತಿಳಿಸಿರಿ.

ಪೊಲೀಸ್, ಕೋರ್ಟ್ ಎಂದು ಹೆದರುವುದೂ ಬೇಡ. 2016ರ ಸುಪ್ರೀಂ ಕೋರ್ಟ್ ತೀರ್ಪು ಮತ್ತು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ನೆರವಾದವರಿಗೆ ರಕ್ಷಣೆ ನೀಡಿವೆ. ನಿಮ್ಮ ಹೆಸರು ಹೇಳುವಂತೆ ಯಾರೂ ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಜಾರಿಗೊಳಿಸಿದ ಯೋಜನೆಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯಷ್ಟು ಚಿಕಿತ್ಸೆ ನಗದಿಲ್ಲದೆ ದೊರೆಯಬೇಕು. ಆಸ್ಪತ್ರೆಯಲ್ಲಿ ಹಣದ ಮಾತೆತ್ತಿದರೆ ಇದನ್ನು ಕೇಳಿರಿ.

ಹಾಂ, ಇನ್ನೊಂದು. ಕೆಟ್ಟು ನಿಂತ ಲಾರಿಯ ಸುತ್ತ ದೊಡ್ಡ ಕಲ್ಲುಗಳನ್ನಿಟ್ಟು, ರಿಪೇರಿಯಾದ ಮೇಲೆ ಅವುಗಳನ್ನು ಅಲ್ಲೇ ಬಿಟ್ಟು ಹೋಗುವವರಿದ್ದಾರೆ. ದಾರಿಯ ತೊಡಕನ್ನು ಸರಿಸುವುದನ್ನು ಪ್ರವಾದಿ(ಸ)ರು ಈಮಾನಿನ ಶಾಖೆಗಳಲ್ಲಿ ಸೇರಿಸಿದ್ದಾರೆಂದು ಮಕ್ಕಳಿಗೆ ಕಲಿಸುತ್ತೇವೆ. ನಿಮ್ಮ ಮನೆಯಲ್ಲಿ ಲಾರಿ ಓಡಿಸುವ ಅಣ್ಣನೋ ಮಗನೋ ಇದ್ದರೆ ಈ ಪುಟವನ್ನು ಅವನಿಗೆ ಓದಿ ಹೇಳಿರಿ. ಹಿಂದಿನ ಕೆಂಪು ದೀಪ ಉರಿಯುತ್ತಿದೆಯೇ ಎಂದೂ ಕೇಳಿರಿ.