ಮೆಳೆಯ ಬೇರು

ಒತ್ತಾಗಿ ಹೆಣೆದುಕೊಂಡು ಒಳಗೆ ಕಾಲಿಡಗೊಡದಂತೆ ಬೆಳೆದ ಗಿಡಗಂಟಿಗೆ ಕನ್ನಡದಲ್ಲಿ ಮೆಳೆ ಎಂಬ ಹಳೆಯ ಮಾತಿದೆ. ಇಂದು ಅದು ಬಹುಮಟ್ಟಿಗೆ ಬಿದಿರಿಗೆ ಅಂಟಿಕೊಂಡಿರುವುದರಿಂದ, ಮೂಲದಲ್ಲೇ ಅದು ಬಿದಿರಿನ ಮಾತು ಎಂದು ಯಾರಾದರೂ ವಾದಿಸಬಹುದು. ಆದರೆ ನಾವು ‘ಬಿದಿರ ಮೆಳೆ’ ಎಂದು ಬಿಡಿಸಿ ಹೇಳುತ್ತೇವೆ. ಮೆಳೆ ಎಂದರೇ ಬಿದಿರಾಗಿದ್ದರೆ ಆ ವಿಶೇಷಣ ಬೇಕಿರಲಿಲ್ಲ. ತಮಿಳಿನ ‘ಮಿಳೈ’ ಕೂಡ ಇದನ್ನೇ ಹೇಳುತ್ತದೆ: ಅದರ ಅರ್ಥ ದಟ್ಟ ಕಾಡು; ಸಂಗಂ ಕಾವ್ಯಗಳಲ್ಲಿ ಕೋಟೆಯನ್ನು ಸುತ್ತುವರಿದ ಕಾವಲು ಕಾಡು. ಹಾಗಾದರೆ ನಮ್ಮ ಮೆಳೆ ತಮಿಳಿನಿಂದ ತಂದ ಸಾಲವೇ? ಇಲೈ–ಎಲೆ, ನಿಲೈ–ನೆಲೆ, ವಿಲೈ–ಬೆಲೆ ಎಂಬ ಜೋಡಿಗಳನ್ನು ನೋಡಿದರೆ ಅಲ್ಲವೆನಿಸುತ್ತದೆ. ತಮಿಳಿನ ಮೊದಲ ಇಕಾರಕ್ಕೆ ಇಂಥ ಮಾತುಗಳಲ್ಲಿ ಕನ್ನಡದ ಎಕಾರ ತಪ್ಪದೆ ಎದುರಾಗುತ್ತದೆ. ಎಲೆಯಂಥ ದಿನಬಳಕೆಯ ಮಾತನ್ನು ಜನ ಸಾಮಾನ್ಯವಾಗಿ ಸಾಲ ತರುವುದಿಲ್ಲ. ಮೆಳೆ ಮತ್ತು ಮಿಳೈ ಒಂದೇ ದ್ರಾವಿಡ ಬೇರಿನಿಂದ ಒಡೆದ ಎರಡು ಕುಡಿಗಳು.

ಕಾವಲೇ ಈ ಮಾತಿನ ಮೂಲಾರ್ಥವಿರಬಹುದಲ್ಲ ಎಂಬ ಆಕ್ಷೇಪವೂ ಉಂಟು. ನನಗೆ ಹಾಗೆ ತೋರುವುದಿಲ್ಲ. ಎರಡೂ ಭಾಷೆಗಳಲ್ಲಿ ಸಮಾನವಾಗಿ ಉಳಿದಿರುವುದು ದಟ್ಟಣೆ. ಕಾವಲು ಆ ದಟ್ಟಣೆಯ ಉಪಯೋಗ. ಆದರೆ ಆ ಉಪಯೋಗ ಸಣ್ಣದಲ್ಲ. ತಿರುಕ್ಕುರಳ್ ಕೋಟೆಯ ಅಂಗಗಳಲ್ಲಿ ಕಾಡನ್ನೂ ಎಣಿಸಿದೆ, ಕೌಟಿಲ್ಯ ವನದುರ್ಗವನ್ನು ಹೇಳಿದ್ದಾನೆ, 18ನೆಯ ಶತಮಾನದ ಬೆಂಗಳೂರಿನ ಸುತ್ತ ಮುಳ್ಳುಗಿಡಗಳ ದಟ್ಟ ಬೇಲಿಯಿತ್ತು. ನಮ್ಮ ಹಿರಿಯರ ಕಣ್ಣಿಗೆ ಪೊದೆ ಪಾಳುನೆಲದ ಗುರುತಾಗಿರಲಿಲ್ಲ, ಆಸ್ತಿಯಾಗಿತ್ತು.

1953ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗ ಸೀಮೆಯಲ್ಲಿ, ಅದರಲ್ಲೂ ಕಣೇಕಲ್ಲಿನ ಕಡೆ, ಈ ಮಾತಿಗೆ ಇಂದಿಗೂ ಕೆಲಸವಿದೆ. ವೇದಾವತಿ ಹಗರಿಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ಒಂಟಿ ಮರ ಆ ಮರಳನ್ನು ತಡೆಯಲಾರದು. ನೆಲಮಟ್ಟದಲ್ಲೇ ಗಾಳಿಯ ವೇಗ ಮುರಿಯುವ ಒತ್ತಾದ ಪೊದೆ ತಡೆಯುತ್ತದೆ. ಅಂಥ ನೆಲವನ್ನು ಬಂಜರೆಂದು ಬರೆದುಕೊಂಡರೆ ಅದರ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಹಾಗೆಂದರೆ ಬಳ್ಳಾರಿ ಜಾಲಿಯೂ ಮೆಳೆಯೇ, ಅದನ್ನೂ ಹೊಗಳಬೇಕೇ ಎಂದು ಕೇಳಬಹುದು. 19ನೆಯ ಶತಮಾನದ ಕೊನೆಯಲ್ಲಿ ಹೊರದೇಶದಿಂದ ಬಂದ ಆ ಗಿಡ ದಟ್ಟವಾಗಿ ಬೆಳೆಯುವುದೂ ನಿಜ, ಮರಳು ಹಿಡಿಯುವುದೂ ನಿಜ. ತನ್ನ ಕೆಳಗೆ ಬೇರೆ ಗಿಡಗಳನ್ನು ಏಳಗೊಡದಿರುವುದೂ ಅಷ್ಟೇ ನಿಜ. ದಟ್ಟವಾದುದೆಲ್ಲ ಒಳ್ಳೆಯದೆಂದು ಮೆಳೆ ಎಂಬ ಮಾತು ಹೇಳುವುದಿಲ್ಲ. ಆ ತೀರ್ಪು ಕೊಡಬೇಕಾದವರು ನಾವು. ಅದಕ್ಕಾಗಿಯೇ, ಒಂದು ಪೊದೆಯನ್ನು ಕಡಿದು ನೆಲ ಬೋಳು ಮಾಡುವ ಮುನ್ನ ಅದು ಏನನ್ನು ತಡೆದು ನಿಲ್ಲಿಸಿದೆ, ಒಳಗೆ ಏನನ್ನು ಬದುಕಗೊಟ್ಟಿದೆ ಎಂಬ ಎರಡನ್ನೂ ಕೇಳಬೇಕು.