ಮುನಿಯಪ್ಪಾ ಅಂದ್ರೆ ಮೂರು ಜನ ತಿರುಗ್ತಿದ್ರು

ನನ್ನ ಮಗನಿಗೆ ಹನ್ನೊಂದು ತಿಂಗಳಾದ್ರೂ ಹೆಸರಿರಲಿಲ್ಲ. ಮನೇಲಿ ಚಿನ್ನು, ಪಾಪು, ಬಂಗಾರಿ ಅಂತ ಏನೇನೋ ಇತ್ತು ಅನ್ನಿ. ಆದ್ರೆ ಜನನ ಪ್ರಮಾಣ ಪತ್ರದಲ್ಲಿ ಹೆಸರಿನ ಜಾಗ ಖಾಲಿ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದ್ರೆ ಶುಲ್ಕ ಇಲ್ಲ, ಆಮೇಲಾದ್ರೆ ದುಡ್ಡು ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಡೆಡ್‌ಲೈನ್ ಕುತ್ತಿಗೆಗೆ ಬಂದಾಗಲೇ ಕೆಲಸ ಶುರು ಮಾಡೋ ಸಾಫ್ಟ್‌ವೇರ್ ಕುಲ ನಮ್ದು, ನಿಜ. ಆದ್ರೆ ಈ ಸಲ ತಡ ಆಗಿದ್ದು ಅದಕ್ಕಲ್ಲ.

ಮಗು ಹುಟ್ಟೋಕೆ ನಾಲ್ಕು ತಿಂಗಳ ಮುಂಚೆ ಅಪ್ಪ ತೀರ್ಕೊಂಡ್ರು. ಅಪ್ಪನ ಹೆಸರು ಮುನಿಯಪ್ಪ. ನಮ್ಮ ಮಾಲೂರು ಕಡೆ ತಾತನ ಹೆಸರು ಮೊಮ್ಮಗನಿಗೆ ಇಡೋದು ಹೊಸದೇನಲ್ಲ. ಅಮ್ಮ ಒಂದೇ ಸಲ ಹೇಳಿದ್ಲು, "ಅವರ ಹೆಸರೇ ಇಡಪ್ಪಾ." ಅವರ ಹೆಸರು ಅಂದ್ಲೇ ಹೊರತು ಹೆಸರು ಹೇಳ್ಲಿಲ್ಲ. ಗಂಡನ ಹೆಸರನ್ನ ಅವಳು ಜೀವಮಾನದಲ್ಲಿ ಬಾಯಿಬಿಟ್ಟು ಹೇಳಿಲ್ಲ, ರೇಷನ್ ಕಾರ್ಡಿನವರು ಕೇಳಿದ್ರೂ ನನ್ನ ಮುಖ ನೋಡ್ತಿದ್ಲು. ನನ್ನ ಹೆಂಡತಿ ಹಾಸನದವಳು. ಅವಳ ಪಟ್ಟಿಯಲ್ಲಿದ್ದಿದ್ದು ವಿಹಾನ್, ಆರವ್, ಅಯಾನ್. ನಾವಿರೋ ಕೆ.ಆರ್. ಪುರದ ಬೀದಿಯ ಪ್ಲೇ ಹೋಮಿನ ಬಾಗಿಲಲ್ಲಿ ನಿಂತು ವಿಹಾನ್ ಅಂತ ಕೂಗಿದ್ರೆ ಈಗ ಮೂರು ಮಕ್ಕಳು ಓಡಿ ಬರ್ತವೆ.

ಮುನಿಯಪ್ಪನ ಕಾಲದಲ್ಲೂ ಹೀಗೇ ಇತ್ತು ಅಂದ್ರೆ ನಂಬ್ತೀರಾ? ಅಪ್ಪ ಬೆಳಗಿನ ಜಾವದ ರೈಲಿಗೆ ಕೊತ್ತಂಬರಿ, ಮೆಂತ್ಯ ಕಟ್ಟು ಹೇರ್ಕೊಂಡು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಬರ್ತಿದ್ರು. ರಜೆಯಲ್ಲಿ ನಾನೂ ಜೊತೆಗೆ. ಕಂಟೋನ್ಮೆಂಟಲ್ಲಿ ಇಳಿದು ಮೂಟೆ ಹೊತ್ಕೊಂಡು ಹೋಗೋದು. ಅಲ್ಲಿ ಮಂಡಿಯವರು "ಮುನಿಯಪ್ಪಾ" ಅಂದ್ರೆ ಕನಿಷ್ಠ ಮೂರು ತಲೆ ತಿರುಗ್ತಿದ್ವು. ಅದಕ್ಕೇ ಕೊತ್ಮಿರಿ ಮುನಿಯಪ್ಪ, ಮೆಣ್ಸಿನ್ಕಾಯಿ ಮುನಿಯಪ್ಪ, ಕುಂಟು ಮುನಿಯಪ್ಪ ಅಂತ ಅವರೇ ವರ್ಷನ್ ನಂಬರ್ ಕೊಟ್ಕೊಂಡಿದ್ರು. ಊರಿನ ಶಾಲೆಯ ಹಾಜರಿ ಪುಸ್ತಕ ತೆಗೆದ್ರೆ ಮುನಿರಾಜು, ಮುನಿಕೃಷ್ಣ, ಮುನಿವೆಂಕಟಪ್ಪ, ಮುನಿರತ್ನಮ್ಮ, ಮುನಿಯಮ್ಮ. ಈಗಲೂ ಕೋಲಾರದ ರಾಜಕೀಯದಲ್ಲಿ ಆ ಹಾಜರಿ ಪುಸ್ತಕ ಮುಗಿದಿಲ್ಲ. 1991ರಿಂದ ಸತತ ಏಳು ಸಲ ಲೋಕಸಭೆಗೆ ಗೆದ್ದ ಕೆ.ಎಚ್. ಮುನಿಯಪ್ಪ ಅವರನ್ನ 2019ರಲ್ಲಿ ಸೋಲಿಸಿದವರು ಎಸ್. ಮುನಿಸ್ವಾಮಿ. ಯಾರು ಗೆದ್ರೂ ಮುನಿಯೇ.

ಈ ಹೆಸರಿನ ಮೂಲ ಮುನೇಶ್ವರ. ಹೊಸಕೋಟೆ, ಕೆ.ಆರ್. ಪುರ, ಹಲಸೂರು, ಎಲ್ಲಿ ನೋಡಿದ್ರೂ ಒಂದು ಮರದ ಬುಡದಲ್ಲಿ ಅರಿಶಿನ ಕುಂಕುಮ ಮೆತ್ತಿದ ಕಲ್ಲು ಕಾಣುತ್ತಲ್ಲ, ಆತ. ಊರಿನ ಗಡಿ ಕಾಯೋನು, ಶಿವನ ಅಂಶ ಅಂತ ನಂಬಿಕೆ. ಕೋಳಿ, ಚುಟ್ಟ, ಸಾರಾಯಿ ಎಲ್ಲಾ ಆಗುತ್ತೆ. ಆಟೋಗಳ ಹಿಂದೆ 'ಶ್ರೀ ಮುನೇಶ್ವರ ಪ್ರಸನ್ನ' ಅಂತ ಓದಿರ್ತೀರಿ. ತಮಿಳಿನವರಿಗೆ ಆತ ಮುನೀಶ್ವರನ್. ಕೂಲಿಗೆ ಅಂತ ಹಡಗು ಹತ್ತಿದವರ ಜೊತೆ ಮಲೇಷ್ಯಾ, ಸಿಂಗಪುರಕ್ಕೂ ಹೋಗಿದ್ದಾನೆ. ಹುಟ್ಟಿದ ಮಕ್ಕಳು ಉಳೀತಿರಲಿಲ್ಲ ಅಂದ್ರೆ ಹರಕೆ ಹೊತ್ತು, ಉಳಿದ ಮಗುವಿಗೆ ಆತನ ಹೆಸರೇ ಇಡೋದು. ಅಪ್ಪನಿಗಿಂತ ಮುಂಚೆ ಅಜ್ಜಿಗೆ ಎರಡು ಮಕ್ಕಳು ಹೋಗಿದ್ವು. ಹೆಸರು ಅಂದ್ರೆ ಆಗ ಫ್ಯಾಷನ್ ಅಲ್ಲ, ಇನ್ಶೂರೆನ್ಸು.

ಅರ್ಥ ಕೇಳಿದ್ರೆ ಇನ್ನೂ ಮಜಾ ಇದೆ. ಸಂಸ್ಕೃತದ ಮುನಿ ಅಂದ್ರೆ ತಪಸ್ವಿ. ಮೌನ ಅನ್ನೋ ಪದ ಹುಟ್ಟಿದ್ದೇ ಮುನಿಯಿಂದ. ಋಗ್ವೇದದ ಹತ್ತನೇ ಮಂಡಲದಲ್ಲಿ ಉದ್ದಕೂದಲಿನ ಮುನಿಯ ಮೇಲೆ ಒಂದು ಸೂಕ್ತವೇ ಇದೆ. ಆದ್ರೆ ಅಚ್ಚಗನ್ನಡದಲ್ಲಿ ಮುನಿ ಅಂದ್ರೆ ಸಿಟ್ಟಾಗು. ಮುನಿಸು ಬಂದಿದ್ದು ಅಲ್ಲಿಂದ. ಬಸವಣ್ಣನವರ ಏಳು ಬೇಡಗಳ ವಚನದಲ್ಲಿ ನಾಲ್ಕನೇ ಬೇಡ ಇದೇ. ಎರಡಕ್ಕೂ ಸಂಬಂಧ ಇಲ್ಲ, ಉಚ್ಚಾರಣೆ ಮಾತ್ರ ಒಂದೇ. ಆದ್ರೆ ನಮ್ಮಪ್ಪನಿಗೆ ಎರಡೂ ಸರಿಹೊಂದ್ತಿತ್ತು. ಮಾತು ಕಡಿಮೆ. ಸಿಟ್ಟು ಬಂದ್ರೆ ಅದೂ ಇಲ್ಲ.

ಇನ್ನು ನನ್ನ ಹೆಸರು. ಮುನಿರಾಜು. ಬಿ.ಇ. ಸೇರಿದ ಮೊದಲ ವಾರ ಹಾಸ್ಟೆಲ್ಲಿನಲ್ಲಿ ಯಾರೋ "ಏಯ್ ಮುನಿಯಾ, ನೀರು ತಗೊಂಬಾ" ಅಂದ. ಸಿನಿಮಾದಲ್ಲಿ ಯಜಮಾನ ಆಳನ್ನ ಕರೆಯೋ ಧಾಟಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೊದಲ ಸೆಮಿಸ್ಟರ್ ಮುಗಿಯೋಷ್ಟರಲ್ಲಿ ನಾನು ರಾಜ್ ಆಗಿದ್ದೆ. ಕೆಲಸ ಸಿಕ್ಕಿದ ಮೇಲೆ ಮೇಲ್, ಬ್ಯಾಡ್ಜು ಎಲ್ಲದರಲ್ಲೂ 'ರಾಜ್ ಎಂ'. ಆ ಎಂ ಒಳಗೆ ನಾನೂ ಇದ್ದೆ, ಅಪ್ಪನೂ ಇದ್ರು, ಮುನೇಶ್ವರನೂ ಇದ್ದ.

ಒಂದು ಡಿಸೆಂಬರಿನಲ್ಲಿ ಅಪ್ಪ ಹೇಳದೆ ಕೇಳದೆ ಅವರೆಕಾಯಿ ಚೀಲ ತಗೊಂಡು ಇಂದಿರಾನಗರದ ನಮ್ಮ ಆಫೀಸಿಗೆ ಬಂದಿದ್ರು. ಗೇಟಲ್ಲಿ "ಮುನಿರಾಜು ಅಂತ, ನಮ್ಮ ಹುಡುಗ" ಅಂದಿದ್ದಾರೆ. ಪಟ್ಟಿಯಲ್ಲಿ ಮುನಿರಾಜು ಎಲ್ಲಿದ್ದಾನೆ? ಫೋನು ನಾನು ಮೀಟಿಂಗ್ ಅಂತ ಸೈಲೆಂಟ್ ಇಟ್ಟಿದ್ದೆ. ಎರಡು ಗಂಟೆ ಎದುರಿನ ಮರದ ಕೆಳಗೆ ಕೂತಿದ್ರು. ನಾನು ಊಟಕ್ಕೆ ಕೆಳಗೆ ಬಂದಾಗ ಎದ್ದು ನಿಂತು ಚೀಲ ಕೊಟ್ಟು, "ಇಲ್ಲಿ ನಿನ್ನ ಹೆಸರು ಬೇರೆ ಏನೋ ಇದ್ಯಂತೆ" ಅಂದ್ರು. ಅಷ್ಟೇ. ಊಟಕ್ಕೆ ಬನ್ನಿ ಅಂದ್ರೆ ರೈಲಿಗೆ ಹೊತ್ತಾಯ್ತು ಅಂದ್ರು. ಆಮೇಲೆ ಆ ವಿಷಯ ಯಾವತ್ತೂ ಎತ್ತಲಿಲ್ಲ. ಅದು ಮೌನವೋ ಮುನಿಸೋ, ಕೇಳೋ ಧೈರ್ಯ ನನಗೂ ಬರಲಿಲ್ಲ.

ಡಬ್ಲಿನ್ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡೋ ಒಬ್ಬನ ಹೆಸರಿನ ಕಾಗುಣಿತ ಹೀಗಿದೆ: ಟಿ, ಎ, ಡಿ, ಎಚ್, ಜಿ. ನಮ್ಮ ಟೀಮಿನಲ್ಲಿ ತಡ್ಗ್, ತಾಧಗ್ ಅಂತ ಬಾಯಿಗೆ ಬಂದಂತೆ ಕರೀತಿದ್ವಿ. ಅವನು ಬೇಜಾರಿಲ್ಲದೆ, "ಟೈಗರ್‌ನಲ್ಲಿ ಕೊನೇ ಅರ್ ತೆಗೀರಿ, ಟೈಗ್, ಅಷ್ಟೇ" ಅಂತಿದ್ದ. ಒಂದು ದಿನ ಕಾಲ್‌ಗೆ ಉಳಿದವರು ಬರೋದು ತಡವಾಗಿ, ನನ್ನ ಮಗನ ಹೆಸರಿನ ಪಂಚಾಯ್ತಿ ಅವನ ಮುಂದಿಟ್ಟೆ. ಅವನು ಅವನ ಹೆಸರಿನ ಕಥೆ ಹೇಳಿದ. ಐರಿಷ್ ಭಾಷೆಯಲ್ಲಿ ಅದರರ್ಥ ಕವಿ. ಒಂದು ಕಾಲಕ್ಕೆ ರಾಜರಿಗಿದ್ದ ಹೆಸರು. ಎಷ್ಟು ಮಾಮೂಲಿ ಆಯ್ತು ಅಂದ್ರೆ ಇಂಗ್ಲಿಷರು ಐರಿಷ್ ಹಳ್ಳಿಯವನನ್ನೆಲ್ಲಾ ಅದೇ ಹೆಸರಲ್ಲಿ ಹಂಗಿಸೋಕೆ ಶುರು ಮಾಡಿದ್ರು. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕರಿಗೆ ಇವತ್ತಿಗೂ ಅದೊಂದು ಬೈಗುಳ. ಕಾಗದಪತ್ರದಲ್ಲಿ ಟೈಗ್‌ಗಳೆಲ್ಲಾ ಟಿಮೊಥಿ, ಥ್ಯಾಡಿಯಸ್ ಆದ್ರು. ಈಗ ನೋಡಿದ್ರೆ ಅಲ್ಲಿನ ಅಪ್ಪ ಅಮ್ಮಂದಿರು ಮತ್ತೆ ಹುಡುಕಿ ಹುಡುಕಿ ಅದೇ ಹೆಸರು ಇಡ್ತಿದ್ದಾರಂತೆ, ಅದೂ ಅದೇ ಕಷ್ಟದ ಕಾಗುಣಿತದಲ್ಲಿ.

ಹಾಗೆ ನೋಡಿದ್ರೆ ಐರಿಷರು ನಮಗೆ ಹೊಸಬರೇನಲ್ಲ. ಸ್ಯಾಂಕಿ ಕೆರೆಯ ಸ್ಯಾಂಕಿ ಟಿಪ್ಪರರಿಯವನು. ಇಂಗ್ಲಿಷಲ್ಲಿ ಬರೀತಿದ್ದ ಕುವೆಂಪು ಅವರಿಗೆ 1924ರಲ್ಲಿ ಮೈಸೂರಲ್ಲಿ ನಿಮ್ಮ ಭಾಷೆಯಲ್ಲಿ ಬರೀರಿ ಅಂದ ಜೇಮ್ಸ್ ಕಸಿನ್ಸ್ ಕೂಡ ಐರಿಷ್ ಕವಿ. ಒಬ್ಬ ಐರಿಷ್‌ನವನ ಮಾತು ಕೇಳಿದ್ರೆ ಕೆಟ್ಟದ್ದೇನಾಗಲ್ಲ ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ರಾತ್ರಿ ಇದನ್ನೆಲ್ಲಾ ಹೆಂಡತಿಗೆ ಹೇಳಿದೆ, ಸ್ವಲ್ಪ ಉತ್ಸಾಹದಲ್ಲೇ. ಪೂರ್ತಿ ಕೇಳಿಸ್ಕೊಂಡು ಅವಳು ಅಂದಿದ್ದು ಒಂದೇ. "ರೀ, ನೀವೇ ಹೊತ್ಕೊಳ್ಳೋಕಾಗದೆ ಬಿಟ್ಟ ಹೆಸರನ್ನ ಮಗು ತಲೆ ಮೇಲೆ ಯಾಕೆ ಹೊರಿಸ್ತೀರ?"

ನನ್ನ ಹತ್ರ ಉತ್ತರ ಇರಲಿಲ್ಲ. ಮಾರನೇ ದಿನ ಆಫೀಸಿನ ಐಟಿಯವರಿಗೆ ಟಿಕೆಟ್ ಹಾಕಿದೆ: ಹೆಸರು ಬದಲಾಯಿಸಿ, ಮುನಿರಾಜು ಎಂ. ಕಾರಣ ಅನ್ನೋ ಕಡೆ 'ತಪ್ಪು ತಿದ್ದುಪಡಿ' ಅಂತ ಬರೆದೆ. ಸಂಜೆಯೊಳಗೆ ಆಯ್ತು. ಹನ್ನೆರಡು ವರ್ಷ ಹೊತ್ಕೊಂಡಿದ್ದು ಸಂಜೆಯೊಳಗೆ! ಹೊಸ ಬ್ಯಾಡ್ಜು ಮನೆಗೆ ತಂದು ಟೇಬಲ್ ಮೇಲಿಟ್ಟೆ. ಹೆಂಡತಿ ಅದನ್ನ ತಿರುಗಿಸಿ ಮುರುಗಿಸಿ ನೋಡಿದ್ಲು, ಏನೂ ಹೇಳ್ಲಿಲ್ಲ. ಅಮ್ಮನನ್ನ ಮಾತ್ರ ಕೇಳಿದ್ಲು, "ಅತ್ತೆ, ಆ ಹೆಸರಿಟ್ರೆ ನೀವು ಪಾಪೂನ ಏನಂತ ಕರೀತೀರ?"

"ನಾನು ಚಿನ್ನು ಅಂತೀನಮ್ಮ. ನೀವೆಲ್ಲ ಕರೆಯೋದನ್ನ ಕೇಳಿಸ್ಕೋತೀನಿ" ಅಂದ್ಲು ಅಮ್ಮ.

ಇನ್ನೂ ಒಂಬತ್ತು ದಿನ ಬಾಕಿ ಇದ್ದಾಗ ಅರ್ಜಿ ಹಿಡ್ಕೊಂಡು ಇಬ್ಬರೂ ಹೋದ್ವಿ, ಮಗು ಅವಳ ಸೊಂಟದ ಮೇಲೆ. ಕೌಂಟರಿನಲ್ಲಿದ್ದವರು ಓದಿ ತಲೆ ಎತ್ತಿದ್ರು. "ಸಾರ್, ಇಲ್ಲಿ ತಾತನ ಹೆಸರಲ್ಲ, ಮಗು ಹೆಸರು ಬರೀಬೇಕು."

ನಾನು ಬಾಯಿ ತೆಗೆಯೋ ಮುಂಚೆ ಹೆಂಡತಿ ಅಂದ್ಲು, "ಮಗೂದೇ ಸಾರ್. ಮುನಿಯಪ್ಪ. ಬರ್ಕೊಳ್ಳಿ."