ಕಪ್ಪು ಪರದೆಯ ವ್ಯಾಕರಣ

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ನನ್ನ ಹಳೆಯ ಗಣಕಯಂತ್ರಕ್ಕೆ ಅದರ ಮುಂದಿನ ಆವೃತ್ತಿ ಒಗ್ಗದು. ಬೆಂಗಳೂರಿನಲ್ಲಿರುವ ಶಿಷ್ಯನೊಬ್ಬ ಹನಕೆರೆಗೆ ಬಂದಾಗ ಉಬುಂಟು ಲಿನಕ್ಸನ್ನು ಹಾಕಿಕೊಟ್ಟು, "ಮೇಷ್ಟ್ರೇ, ಈ ಕಪ್ಪು ಪರದೆಗೆ ಹೆದರಬೇಡಿ" ಎಂದು ಹೇಳಿ ಹೋದ. ನಿಮ್ಮಲ್ಲಿ ಕೆಲವರು ಇದೇ ದಾರಿಗೆ ಬಂದಿರುವುದರಿಂದ, ನಾನು ಕಲಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ; ಅದನ್ನು ರೂಪಿಸಿದವರಲ್ಲಿ ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚೀ ಪ್ರಮುಖರು. ಅಂದು ಆಜ್ಞೆಗಳನ್ನು ಕೊಡುತ್ತಿದ್ದುದು ಕಾಗದದ ಮೇಲೆ ನಿಧಾನವಾಗಿ ಮುದ್ರಿಸುವ ಟೆಲಿಟೈಪ್ ಯಂತ್ರದಿಂದ. ಹಲವು ಆಜ್ಞೆಗಳು ಎರಡು ಮೂರು ಅಕ್ಷರಗಳಿಗೆ ಮೊಟಕಾಗಿರುವುದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ. ಅದೇ ಮಾದರಿಯಲ್ಲಿ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದ.

ಕನ್ನಡ ಪಾಠ ಹೇಳಿದ ನನಗೆ ಇದು ವ್ಯಾಕರಣದಂತೆಯೇ ಕಂಡಿತು. ನಾವು "ಹಣ್ಣನ್ನು ಬೇಗ ತಾ" ಎನ್ನುತ್ತೇವೆ; ಕ್ರಿಯಾಪದ ಕೊನೆಗೆ. ಇಲ್ಲಿ ಕ್ರಿಯಾಪದವೇ ಮೊದಲು: "ತಾ, ಬೇಗ, ಹಣ್ಣು." ಆಜ್ಞೆಯು ಕ್ರಿಯಾಪದ, ಅಡ್ಡಗೆರೆಯೊಡನೆ ಬರುವ ಅಕ್ಷರ ಕ್ರಿಯಾವಿಶೇಷಣ, ಕಡತದ ಹೆಸರು ಕರ್ಮಪದ. ನಡುವೆ ಖಾಲಿ ಜಾಗ ಬಿಡಲೇಬೇಕು. ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಒತ್ತಬೇಕು. ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಕಡತಗಳಿಗೆ ಕನ್ನಡದಲ್ಲಿ ಹೆಸರಿಟ್ಟರೆ ಈ ತೊಡಕೇ ಇಲ್ಲ!

ಮೊದಲು ಕಲಿಯಬೇಕಾದುದು 'ಪಿಡಬ್ಲ್ಯುಡಿ'. ನಮ್ಮ ಕಡೆ ಅದು ರಸ್ತೆ ಮಾಡುವ ಇಲಾಖೆ; ಇಲ್ಲಿ "ನಾನೀಗ ಎಲ್ಲಿದ್ದೇನೆ?" ಎಂಬ ಪ್ರಶ್ನೆ. 'ಎಲ್‌ಎಸ್' ಎಂದರೆ ಅಲ್ಲಿರುವುದನ್ನು ಪಟ್ಟಿ ಮಾಡುತ್ತದೆ. 'ಸಿಡಿ' ಎಂದು ಬರೆದು ಕೋಶದ ಹೆಸರು ಕೊಟ್ಟರೆ ಅದರೊಳಗೆ ಹೋಗಬಹುದು; ಹೆಸರಿನ ಬದಲು ಎರಡು ಚುಕ್ಕೆ ಇಟ್ಟರೆ ಒಂದು ಮೆಟ್ಟಿಲು ಮೇಲಕ್ಕೆ. ಅಂಚೆ ವಿಳಾಸವನ್ನು ನಾವು ಮನೆ, ಹನಕೆರೆ, ಮಂಡ್ಯ ಜಿಲ್ಲೆ, ಕರ್ನಾಟಕ ಎಂದು ಬರೆಯುತ್ತೇವೆ. ಲಿನಕ್ಸಿನ ವಿಳಾಸ ತಲೆಕೆಳಗು: ಕರ್ನಾಟಕದಿಂದ ಹೊರಟು ಮನೆಗೆ ಬಂದು ನಿಲ್ಲುತ್ತದೆ. ಎಲ್ಲಕ್ಕೂ ಮೊದಲಿರುವ ಓರೆಗೆರೆಯೇ ರೂಟ್, ಅಂದರೆ ಬೇರು. ಹೆಸರನ್ನು ಅರ್ಧ ಬರೆದು ಟ್ಯಾಬ್ ಕೀಲಿ ಒತ್ತಿದರೆ ಉಳಿದುದನ್ನು ಯಂತ್ರವೇ ತುಂಬುತ್ತದೆ. ಮುಪ್ಪಿನ ಬೆರಳುಗಳಿಗೆ ಇದೊಂದು ದೊಡ್ಡ ಉಪಕಾರ.

ಇನ್ನು ಎಚ್ಚರದ ಮಾತು. ನನ್ನ ಮನೆಯಾಕೆ ಹಾಡಿದ ಸೋಬಾನೆ ಪದಗಳು ಈ ಯಂತ್ರದಲ್ಲಿವೆ. ಹಾಡಿದವಳು ಈಗಿಲ್ಲ, ಇನ್ನೊಮ್ಮೆ ಹಾಡಿಸಿ ಮುದ್ರಿಸುವಂತಿಲ್ಲ. 'ಆರ್‌ಎಂ' ಎಂಬ ಆಜ್ಞೆ ಕಡತವನ್ನು ಅಳಿಸುತ್ತದೆ. ಹೀಗೆ ಅಳಿಸಿದ್ದು ಕಸದಬುಟ್ಟಿಗೆ ಹೋಗುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಹೆಸರು ಬದಲಿಸುವ 'ಎಂವಿ', ನಕಲು ಮಾಡುವ 'ಸಿಪಿ' ಸಹ ಅದೇ ಹೆಸರಿನ ಹಳೆಯ ಕಡತವಿದ್ದರೆ ಕೇಳದೆ ಅದರ ಮೇಲೆ ಬರೆದುಬಿಡಬಲ್ಲವು. ಆದ್ದರಿಂದ ಈ ಮೂರಕ್ಕೂ ಅಡ್ಡಗೆರೆಯೊಡನೆ 'ಐ' ಅಕ್ಷರ ಸೇರಿಸಿ. ಆಗ ಯಂತ್ರ ಅಳಿಸುವ ಮುನ್ನ, ಹಳೆಯದರ ಮೇಲೆ ಬರೆಯುವ ಮುನ್ನ ಅಪ್ಪಣೆ ಕೇಳುತ್ತದೆ. ಅರ್ಥವಾಗದ ಆಜ್ಞೆಯನ್ನು ಯಾರು ಕಳಿಸಿದರೂ ಒತ್ತಬೇಡಿ.

ಅರ್ಥ ತಿಳಿಯಲು 'ಮ್ಯಾನ್' ಎಂದು ಬರೆದು ಆಜ್ಞೆಯ ಹೆಸರು ಕೊಡಿ; ಅದರ ಕೈಪಿಡಿ ತೆರೆಯುತ್ತದೆ. ಹೊರಬರಲು 'ಕ್ಯೂ' ಒತ್ತಿ. ಯುನಿಕ್ಸಿನ ಮೊದಲ ಕೈಪಿಡಿ ಸಿದ್ಧವಾದದ್ದು 1971ರಲ್ಲಿ. ಅಂದಿನಿಂದಲೂ ಪಠ್ಯಪುಸ್ತಕ ಶಾಲೆಯೊಳಗೇ ಇದೆ. ಓದುವ ವ್ಯವಧಾನವೊಂದಿದ್ದರೆ ಸಾಕು.

ಯುನಿಕ್ಸಿನದು ಮಿತಭಾಷಿಯ ಸ್ವಭಾವ. ತಪ್ಪಾದರೆ ಮಾತನಾಡುತ್ತದೆ, ಸರಿಯಾದರೆ ಹೆಚ್ಚಾಗಿ ಸುಮ್ಮನಿರುತ್ತದೆ. ಹಾಡುಗಳ ಕೋಶವನ್ನು 'ಸಿಪಿ'ಗೆ 'ಆರ್' ಅಕ್ಷರ ಸೇರಿಸಿ ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿದೆ. 'ಡಿಫ್' ಆಜ್ಞೆಗೂ ಅದೇ ಅಕ್ಷರ ಸೇರಿಸಿ ಮೂಲವನ್ನೂ ನಕಲುಗಳನ್ನೂ ಹೋಲಿಸಿ ನೋಡಿದೆ. ಯಂತ್ರ ಏನನ್ನೂ ಹೇಳಲಿಲ್ಲ. ವ್ಯತ್ಯಾಸವಿಲ್ಲವೆಂದು ಅದರ ಅರ್ಥ. ಆ ಮೌನ ನನಗೆ ಬಹಳ ನೆಮ್ಮದಿ ಕೊಟ್ಟಿತು.

ಅವಳ ಹಾಡು ಬೇಕೆಂದು ಕೇಳಿದ್ದ ಬಂಧುಗಳು ಈ ಕಡೆ ಬಂದಾಗ ಒಂದು ಪೆನ್‌ಡ್ರೈವ್ ತನ್ನಿರಿ. ನಕಲನ್ನು ನಾನೇ ಮಾಡಿಕೊಡುತ್ತೇನೆ.